ತಂಬೂರಿಗೆ ಬೇಕಾದಷ್ಟು ವ್ಯಾಟು

ಸೊಲ್ಲಾಪುರದ ನವೀ ಪೇಠದಲ್ಲಿ ಆಂಪ್ಲಿಫೈಯರ್ ಕೊಳ್ಳಲು ಹೋದರೆ ಅಂಗಡಿಯವರು ಮೊದಲು ಕೇಳುವುದು ವ್ಯಾಟು. ಕನ್ನಡದಲ್ಲಿ ಮಾತಾಡಿಸಿದರೂ ಅದೇ, ಮರಾಠಿಯಲ್ಲಾದರೂ ಅದೇ, ಪದ್ಮಶಾಲಿಗಳ ತೆಲುಗಿನಲ್ಲಾದರೂ ಅದೇ. "ಎಷ್ಟು ವ್ಯಾಟಿಂದು ಬೇಕ್ರೀ?" ಮೂರು ವ್ಯಾಟಿನದು ಎಂದೆ. "ಮುನ್ನೂರಾ?" ಎಂದರು. ಅಲ್ಲ, ಮೂರು, ಬಲಕ್ಕೆ ಮೂರು, ಎಡಕ್ಕೆ ಮೂರು. ಗಲ್ಲಾದ ಮೇಲೆ ಕೂತಿದ್ದ ಹಿರಿಯರು ಚಷ್ಮಾ ತೆಗೆದು, "ಅದು ಆಂಪ್ಲಿ ಅಲ್ರೀ, ರೇಡಿಯೋ" ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನನಗೆ ಬೇಕಾಗಿದ್ದದ್ದು ಹೆಚ್ಚುಕಡಿಮೆ ಹಳೆಯ ವಾಲ್ವ್ ರೇಡಿಯೋದ ಹೊಟ್ಟೆಯೊಳಗೆ ಇರುತ್ತಿದ್ದ ಯಂತ್ರವೇ. ಆದರೆ ಸದ್ದಿಲ್ಲದೆ ಇರುವ ವಿದ್ಯೆಯನ್ನು ಅದಕ್ಕಿಂತ ಚೆನ್ನಾಗಿ ಕಲಿತದ್ದು.

ಇದಕ್ಕೆಲ್ಲ ಕಾರಣ ಮಾಮಾನ ಸ್ಪೀಕರುಗಳು. ನನ್ನ ಸೋದರಮಾವ ಅಕ್ಕಲಕೋಟೆಯಲ್ಲಿ ಮೈಕ್‌ಸೆಟ್ಟಿನ ಅಂಗಡಿ ಇಟ್ಟವರು. ಮದುವೆ, ಜಾತ್ರೆ, ಚುನಾವಣೆ, ಸಪ್ತಾಹ ಎಲ್ಲಕ್ಕೂ ಅವರ ಭೋಂಗಾ, ಅಂದರೆ ಹಾರ್ನ್ ಸ್ಪೀಕರು, ಹೋಗುತ್ತಿತ್ತು. ಅದಕ್ಕೂ ಮೊದಲು ಅವರು ಪಾಲುದಾರಿಕೆಯಲ್ಲಿ ಒಂದು ತಂಬೂ ಟಾಕೀಸು ನಡೆಸುತ್ತಿದ್ದರು. ದುಧನಿ, ಮೈಂದರ್ಗಿ, ನಾಗಣಸೂರು, ಆಚೆ ಅಫಜಲಪುರ, ಇಂಡಿಯ ಕಡೆ ಎಂದು ಜಾತ್ರೆಯಿಂದ ಜಾತ್ರೆಗೆ ಡೇರೆ ಹೊಡೆಯುವುದು, ಒಂದು ರಾತ್ರಿ ಮರಾಠಿ ಸಿನಿಮಾ, ಒಂದು ರಾತ್ರಿ ಕನ್ನಡ ಸಿನಿಮಾ. ಮನೆಮನೆಗೆ ಟಿವಿ ಬಂದ ಮೇಲೆ ಡೇರೆ ಮಡಚಿದರು. ಪ್ರೊಜೆಕ್ಟರ್ ಯಾರಿಗೋ ಹೋಯಿತು, ಕುರ್ಚಿಗಳು ಯಾರಿಗೋ ಹೋದವು. ಪರದೆಯ ಪಕ್ಕ ನಿಲ್ಲುತ್ತಿದ್ದ ಎರಡು ಸ್ಪೀಕರ್ ಮಾತ್ರ ಅಂಗಡಿಯ ಹಿಂದಿನ ಖೋಲಿಯಲ್ಲಿ ತಾಡಪತ್ರಿ ಹೊದ್ದು ಉಳಿದವು. ಎದೆಮಟ್ಟದ ಸಾಗುವಾನಿ ಚೌಕಟ್ಟಿನ ಪೆಟ್ಟಿಗೆ, ಒಳಗೆ ಹದಿನೈದು ಇಂಚಿನ ಕಾಗದದ ಕೋನು, ಪೆಟ್ಟಿಗೆಯ ಮೇಲೆ ಬೂದುಬಣ್ಣ ಬಳಿದ ತಗಡಿನ ಭೋಂಗಾ. ಮ್ಯಾಗ್ನೆಟ್ಟಿನ ಮೇಲಿದ್ದ ಚೀಟಿ ಎಂದೋ ಉದುರಿಹೋಗಿದೆ. ಯಾವ ಕಂಪನಿಯದೆಂದು ಮಾಮಾನಿಗೂ ನೆನಪಿಲ್ಲ.

ಚೀಟಿ ಇಲ್ಲದ ಸ್ಪೀಕರಿನ ಜಾತಕ ತೆಗೆಯುವುದನ್ನು ನನಗೆ ಕಲಿಸಿದವರು ಮಾಮಾ. ಮೊದಲು ಕೋನಿನ ಅಂಚು ನೋಡಬೇಕು. ಎಪ್ಪತ್ತು-ಎಂಬತ್ತರ ದಶಕದ ಎಷ್ಟೋ ಸ್ಪೀಕರುಗಳ ಅಂಚು ಫೋಮಿನದು, ಅದು ಈಗ ಮುಟ್ಟಿದರೆ ಪುಡಿಯಾಗುತ್ತದೆ. ಇವುಗಳ ಅಂಚು ಕಾಗದದ್ದೇ, ಸುಕ್ಕುಸುಕ್ಕಾಗಿ ಮಡಿಚಿ ಗಟ್ಟಿ ಲೇಪ ಹಚ್ಚಿದ್ದು, ಇನ್ನೂ ಹೊಸದರಂತಿತ್ತು. ಆಮೇಲೆ ಎರಡೂ ಕೈಯ ಬೆರಳನ್ನು ಕೋನಿನ ಎದುರುಬದುರು ಇಟ್ಟು ಮೆಲ್ಲಗೆ ಒಳಕ್ಕೆ ಒತ್ತಬೇಕು. ಕರಕರ ಎಂದರೆ ಕಾಯಿಲು ಮ್ಯಾಗ್ನೆಟ್ಟಿಗೆ ತಗಲುತ್ತಿದೆ ಎಂದರ್ಥ. ಇವು ಕರಕರ ಎನ್ನಲಿಲ್ಲ, ಆದರೆ ಬಹಳ ಬಿಗಿಯಾಗಿದ್ದವು, ಅಕ್ಕಿಕಾಳಿನಷ್ಟೂ ಒಳಗೆ ಸರಿಯಲಿಲ್ಲ. ಒಂದೂವರೆ ವೋಲ್ಟಿನ ಸೆಲ್ಲನ್ನು ತಂತಿಗೆ ತಾಗಿಸಿದಾಗ 'ಟಪ್' ಎಂದಿತು. ಕೋನು ಮುಂದಕ್ಕೆ ಬಂದರೆ ಸೆಲ್ಲಿನ ಪ್ಲಸ್ ಇರುವ ಕಡೆಯೇ ಸ್ಪೀಕರಿನ ಪ್ಲಸ್. ಅಲ್ಲಿ ಒಂದು ಕೆಂಪು ಬೊಟ್ಟು ಇಟ್ಟೆವು. ಕೊನೆಗೆ ಮೀಟರು. ಸುಮಾರು ಹನ್ನೊಂದೂವರೆ ಓಮ್ ತೋರಿಸಿತು. ಮೀಟರು ತೋರಿಸುವುದು ತಂತಿಯ ಬರೀ ರೋಧ. ಹಾಡುವಾಗ ಸ್ಪೀಕರು ಆಂಪ್ಲಿಫೈಯರಿಗೆ ಕಾಣುವುದು ಅದಕ್ಕಿಂತ ಹೆಚ್ಚು. ಅಂದರೆ ಇವು 16 ಓಮಿನವು. ಆ ಕಾಲದ ಸಿನಿಮಾ ಸ್ಪೀಕರುಗಳಲ್ಲಿ ಅದೇ ವಾಡಿಕೆ.

ಆಮೇಲೆ ಮಾಮಾ ತಮ್ಮ ಅಂಗಿಯ ಕಿಸೆಯಿಂದ ಪುಟ್ಟ ಟ್ರಾನ್ಸಿಸ್ಟರ್ ತೆಗೆದು ಅದರ ಇಯರ್‌ಫೋನ್ ತೂತಿಗೆ ಸ್ಪೀಕರಿನ ತಂತಿ ಸಿಕ್ಕಿಸಿದರು. ಕಾಲು ವ್ಯಾಟೂ ಕೊಡದ ರೇಡಿಯೋ. ಕಲಬುರಗಿ ಆಕಾಶವಾಣಿಯ ಧ್ವನಿ ಹಿಂದಿನ ಖೋಲಿಯಿಂದ ಅಂಗಡಿ ದಾಟಿ ಬೀದಿಗೆ ಬಂತು, ಎದುರಿನ ಹೂವಿನ ಅಂಗಡಿಯವರು ತಿರುಗಿ ನೋಡಿದರು. ಮಾಮಾ ಹೇಳಿದರು: "ಇಪ್ಪತ್ತು ವ್ಯಾಟಿನ ಆಂಪ್ಲಿಮ್ಯಾಲ ನಮ್ಮ ಡೇರೇದಾಗ ಆರನೂರು ಮಂದಿಗಿ ಕೇಳಸ್ತಿತ್ತು ಇದು. ನಿನ್ನ ಖೋಲ್ಯಾಗ ಎಷ್ಟು ಮಂದಿ ಕೂಡತೀರಿ?"

ಮಾಮಾನ ಪ್ರಶ್ನೆಯಲ್ಲಿ ಇಡೀ ಲೆಕ್ಕವಿದೆ. ಸ್ಪೀಕರಿಗೆ ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದಾಗುತ್ತದೆ ಎಂದು ಅಳೆಯುತ್ತಾರೆ. ಈಗಿನ ಚಿಕ್ಕ ಪೆಟ್ಟಿಗೆಗಳಲ್ಲಿ ಅದು ಸಾಮಾನ್ಯವಾಗಿ 86ರ ಆಸುಪಾಸು. ಭೋಂಗಾ ಹೊತ್ತ ಹಳೆಯ ಸಿನಿಮಾ ಸ್ಪೀಕರುಗಳಲ್ಲಿ 100ರ ಆಸುಪಾಸು. ಹದಿನಾಲ್ಕು ಹದಿನೈದು ಡೆಸಿಬಲ್ ಎಂದರೆ ಸಣ್ಣ ಅಂತರವೆಂದು ತೋರಬಹುದು. ಆದರೆ ಪ್ರತಿ 3 ಡೆಸಿಬಲ್ಲಿಗೆ ವ್ಯಾಟು ಎರಡು ಪಟ್ಟಾಗಬೇಕು. 86ರಿಂದ 101ಕ್ಕೆ ಏರುವುದೆಂದರೆ ಐದು ಸಲ ದುಪ್ಪಟ್ಟು: ಒಂದು, ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು. ಚಿಕ್ಕ ಪೆಟ್ಟಿಗೆ 32 ವ್ಯಾಟ್ ತಿಂದು ಮಾಡುವ ಸದ್ದನ್ನು ಮಾಮಾನ ಪೆಟ್ಟಿಗೆ ಒಂದೇ ವ್ಯಾಟಿನಲ್ಲಿ ಮಾಡುತ್ತದೆ. 86ರ ಸ್ಪೀಕರಿಗೆ ಕೊಟ್ಟ ವಿದ್ಯುತ್ತಿನಲ್ಲಿ ಸದ್ದಾಗುವುದು ಶೇಕಡಾ 0.25ರಷ್ಟು ಮಾತ್ರ, ಉಳಿದದ್ದೆಲ್ಲ ಕಾಯಿಲು ಬಿಸಿಯಾಗುವುದರಲ್ಲಿ ಹೋಗುತ್ತದೆ. 101ರದರಲ್ಲಿ ಸುಮಾರು ಶೇಕಡಾ 8 ಸದ್ದಾಗಿ ಹೊರಬರುತ್ತದೆ. ಮನೆಯಲ್ಲಿ ತಕ್ಕಮಟ್ಟಿಗೆ ಜೋರಾಗಿ, 80 ಡೆಸಿಬಲ್ಲಿನಲ್ಲಿ ಹಾಡು ಕೇಳಲು ಇಂಥ ಸ್ಪೀಕರಿಗೆ ಒಂದು ವ್ಯಾಟಿನ ನೂರನೆಯ ಒಂದು ಭಾಗವೂ ಬೇಡ. ತಬಲಾದ ಏಟು, ತಾನಿನ ತುದಿ ಇಪ್ಪತ್ತು ಡೆಸಿಬಲ್ ಮೇಲಕ್ಕೆ ಜಿಗಿದರೂ ಒಂದು ವ್ಯಾಟಿನೊಳಗೇ ಮುಗಿಯುತ್ತದೆ. ಮೂರು ವ್ಯಾಟೆಂದರೆ ಕೈತುಂಬ ಆಯಿತು.

ಹಿಂದಿನವರು ಇಂಥ ಸ್ಪೀಕರುಗಳನ್ನು ಮಾಡಿದ್ದು ಬೇರೆ ದಾರಿ ಇಲ್ಲದೆ. ಇಂದಿನ ಕೋನು-ಕಾಯಿಲಿನ ಸ್ಪೀಕರನ್ನು ಅಮೆರಿಕದ ರೈಸ್ ಮತ್ತು ಕೆಲಾಗ್ ಜಗತ್ತಿಗೆ ತೋರಿಸಿದ್ದು 1925ರಲ್ಲಿ. ಕೆಲವೇ ವರ್ಷಗಳಲ್ಲಿ ಸಿನಿಮಾ ಮಾತಾಡತೊಡಗಿತು. ನಮ್ಮಲ್ಲಿ 1931ರಲ್ಲಿ 'ಆಲಂ ಆರಾ', 1934ರಲ್ಲಿ ಕನ್ನಡದ 'ಸತಿ ಸುಲೋಚನಾ'. ಸಾವಿರ ಜನ ಕೂರುವ ಥಿಯೇಟರಿಗೆ ಸದ್ದು ತುಂಬಿಸಬೇಕು, ಆದರೆ ವಾಲ್ವಿನಿಂದ ಹುಟ್ಟುವ ಒಂದೊಂದು ವ್ಯಾಟೂ ಬಂಗಾರದ ಬೆಲೆ. ಅಮೆರಿಕದ ವೆಸ್ಟರ್ನ್ ಇಲೆಕ್ಟ್ರಿಕ್ ಕಂಪನಿ 1938ರಲ್ಲಿ ತಂದ 300ಬಿ ಎಂಬ ವಾಲ್ವು ಇಂದಿಗೂ ರಸಿಕರ ಬಾಯಲ್ಲಿದೆ. ಅದು ಒಂದೇ ಕೂತು ಕೊಡುವುದು ಎಂಟು ವ್ಯಾಟಿನಷ್ಟು. ಹಾಗಾಗಿ ಜಾಣತನವನ್ನೆಲ್ಲ ಸ್ಪೀಕರಿನಲ್ಲಿ ಹೂಡಿದರು. ದೊಡ್ಡ ಮ್ಯಾಗ್ನೆಟ್, ಹಗುರ ಕೋನು, ಆನೆಗಾತ್ರದ ಪೆಟ್ಟಿಗೆ, ಮೇಲೊಂದು ಭೋಂಗಾ. ಪುಟ್ಟ ತಗಡೊಂದು ಬಯಲಿನ ಗಾಳಿಯನ್ನು ನೇರವಾಗಿ ತಳ್ಳಿದರೆ ಗಾಳಿ ಜಾರಿಹೋಗುತ್ತದೆ. ಅದರ ಮುಂದೆ ಸಣ್ಣ ಕೊರಳಿನಿಂದ ಶುರುವಾಗಿ ಅಗಲವಾಗುತ್ತ ಹೋಗುವ ದಾರಿ ಕಟ್ಟಿದರೆ ತಳ್ಳಿದ ಬಲವೆಲ್ಲ ಗಾಳಿಗೆ ಹಿಡಿಯುತ್ತದೆ. ಭೋಂಗಾದ ಕೆಲಸ ಇಷ್ಟೇ.

ಆಮೇಲೆ 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಚಿಕ್ಕ ಮುಚ್ಚಿದ ಪೆಟ್ಟಿಗೆಯಿಂದ ಆಳವಾದ ಮಂದ್ರ ಹೊರಡಿಸಿ ತೋರಿಸಿದ. ಬದಲಿಗೆ ಬಹಳ ವ್ಯಾಟು ಕೇಳಿದ. ಟ್ರಾನ್ಸಿಸ್ಟರ್ ಬಂದು ವ್ಯಾಟು ಅಗ್ಗವಾದ ಮೇಲೆ ಎಲ್ಲರಿಗೂ ಆ ವ್ಯವಹಾರ ಒಪ್ಪಿಗೆಯಾಯಿತು. ಚಿಕ್ಕ ಪೆಟ್ಟಿಗೆ, ಆಳದ ಮಂದ್ರ, ಕಡಿಮೆ ವ್ಯಾಟು: ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಬಹುದು ಎಂಬುದು ಹಾಫ್‌ಮನ್ ಎಂಬಾತ ಹೇಳಿದ ನಿಯಮ. ಮಾಮಾನ ಡೇರೆಗೆ ಪೆಟ್ಟಿಗೆಯ ಗಾತ್ರದ ಚಿಂತೆ ಇರಲಿಲ್ಲ, ಎತ್ತಿನ ಗಾಡಿ ಇತ್ತು.

ಹಾಗಾದರೆ ಯಾವ ಆಂಪ್ಲಿಫೈಯರ್ ಆದರೂ ನಡೆದೀತಲ್ಲ ಎಂದು ಕೇಳುವವರಿದ್ದಾರೆ. ಮುನ್ನೂರು ವ್ಯಾಟಿನದು ತಂದು ಗುಂಡಿಯನ್ನು ಸ್ವಲ್ಪವೇ ತಿರುಗಿಸಿದರಾಯಿತು. ತೊಡಕಿರುವುದು ಅಲ್ಲೇ, ಅದನ್ನು ಬಿಡಿಸಿ ಹೇಳಬೇಕು.

ಎಲ್ಲ ಆಂಪ್ಲಿಫೈಯರಿಗೂ ತನ್ನದೇ ಒಂದು ಸದ್ದು ಇರುತ್ತದೆ. ಹಾಡು ಇಲ್ಲದಾಗಲೂ 'ಸುಂಯ್' ಎಂಬ ಉಸಿರು, 'ಗುಂಯ್' ಎಂಬ ಕರೆಂಟಿನ ಹಮ್ಮು. ನೂರು ವ್ಯಾಟಿನ ಆಂಪ್ಲಿಫೈಯರೊಂದರ ಈ ಗದ್ದಲ ಅದರ ಪೂರ್ಣ ಶಕ್ತಿಗಿಂತ 80 ಡೆಸಿಬಲ್ ಕೆಳಗಿದೆ ಎಂದುಕೊಳ್ಳಿ. ಅದು ಒಂದು ವ್ಯಾಟಿನ ಹತ್ತು ಲಕ್ಷದ ಒಂದು ಭಾಗ. 86ರ ಸ್ಪೀಕರಿನಲ್ಲಿ ಇದು 26 ಡೆಸಿಬಲ್ ಆಗಿ ಫ್ಯಾನಿನ ಸದ್ದಿನಲ್ಲಿ ಮುಳುಗಿಹೋಗುತ್ತದೆ. 100ರ ಸ್ಪೀಕರಿನಲ್ಲಿ ಅದೇ ಗದ್ದಲ 40 ಡೆಸಿಬಲ್. ರಾತ್ರಿ ಹೊತ್ತು ಕೂತಲ್ಲಿಗೇ ಕೇಳಿಸುತ್ತದೆ. ಸ್ಪೀಕರು ಹಾಡನ್ನು ಎಷ್ಟು ಉದಾರವಾಗಿ ಎತ್ತಿ ಕೊಡುತ್ತದೋ ಕೊಳೆಯನ್ನೂ ಅಷ್ಟೇ ಉದಾರವಾಗಿ ಎತ್ತಿ ಕೊಡುತ್ತದೆ. ಇನ್ನೊಂದು ತೊಡಕು ಗುಂಡಿಯದು. ದೊಡ್ಡ ಆಂಪ್ಲಿಫೈಯರಿನ ಗುಂಡಿ ಇಂಥ ಸ್ಪೀಕರಿನ ಜೊತೆ ಎಂಟು ಗಂಟೆಯ ಮುಳ್ಳಿನ ಜಾಗ ಬಿಟ್ಟು ಏಳುವುದೇ ಇಲ್ಲ. ಆ ತುದಿಯಲ್ಲಿ ಎಡ-ಬಲದ ಟ್ರ್ಯಾಕುಗಳು ಸಮ ಇರುವುದು ಅಪರೂಪ, ಹಾಡುವವರು ಒಂದು ಕಡೆಗೆ ವಾಲುತ್ತಾರೆ. ಮೂರನೆಯದು ಹೆಚ್ಚು ಸೂಕ್ಷ್ಮ. ಬಹುಪಾಲು ದೊಡ್ಡ ಆಂಪ್ಲಿಫೈಯರುಗಳಲ್ಲಿ ಅಲೆಯ ಮೇಲಿನ ಅರ್ಧವನ್ನು ಒಂದು ಟ್ರಾನ್ಸಿಸ್ಟರು, ಕೆಳಗಿನ ಅರ್ಧವನ್ನು ಇನ್ನೊಂದು ಹೊರುತ್ತದೆ. ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸುವ ಜಾಗದಲ್ಲಿ ಒಂದು ಕಚ್ಚು ಬೀಳುತ್ತದೆ. ಹತ್ತಾರು ವ್ಯಾಟಿನಲ್ಲಿ ಆ ಕಚ್ಚು ಲೆಕ್ಕಕ್ಕಿಲ್ಲ. ಸದ್ದು ಸಣ್ಣದಾದಷ್ಟೂ ಕಚ್ಚಿನ ಪಾಲು ದೊಡ್ಡದಾಗುತ್ತದೆ. ನಾವೋ ಇಡೀ ಸಂಗೀತವನ್ನು ಆ ದಾಟುವ ಜಾಗದಲ್ಲೇ ಕೇಳುವವರು.

ಆದ್ದರಿಂದ ಅಂಗಡಿಯವರು ಹಾಕಿ ತೋರಿಸುವ ಢಂಢಂ ಸಿನಿಮಾ ಹಾಡಿನಲ್ಲಿ ನಾನು ಆಂಪ್ಲಿಫೈಯರನ್ನು ಅಳೆಯುವುದಿಲ್ಲ. ಮಲ್ಲಿಕಾರ್ಜುನ ಮನಸೂರರ ಖಯಾಲಿನ ಮೊದಲ ನಿಮಿಷ ಹಾಕುತ್ತೇನೆ. ತಬಲಾ ಇನ್ನೂ ಶುರುವಾಗಿಲ್ಲ. ತಂಬೂರಿ ಮಾತ್ರ ಇದೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಸಿಕ್ಕಿಸಿದ ದಾರದ ಜೀವಾಳಿಯಿಂದ ಏಳುವ ಝೇಂಕಾರ, ಒಂದು ಮೀಟು ಆರುವ ಮೊದಲೇ ಇನ್ನೊಂದು, ಒಂದರ ಮೇಲೊಂದು ಏರುವ ಮರಿಸ್ವರಗಳು. ಇವೆಲ್ಲ ಬದುಕುವುದು ಒಂದು ವ್ಯಾಟಿನ ಸಾವಿರದ ಕೆಲವು ಭಾಗಗಳಲ್ಲಿ. ಆಂಪ್ಲಿಫೈಯರಿನ 'ಸುಂಯ್' ಇರುವುದೂ ಅದೇ ಬೀದಿಯಲ್ಲಿ, ತಂಬೂರಿಯ ಮೇಲ್ಸ್ವರಗಳ ಮಗ್ಗುಲಲ್ಲೇ. ಗದ್ದಲದ ಆಂಪ್ಲಿಫೈಯರಿನಲ್ಲಿ ತಂಬೂರಿ ಬರೀ 'ಟೊಂಯ್ ಟೊಂಯ್' ಆಗಿ, ಝೇಂಕಾರ ಮಂಜಿನ ಹಿಂದೆ ಹೋಗುತ್ತದೆ. ಮನಸೂರರು ಆ ಝೇಂಕಾರದೊಳಗೇ ಷಡ್ಜ ಇಡುವವರು, ಅವರು ಸ್ವರ ಮುಟ್ಟುವ ಮುಂಚಿನ ಉಸಿರು ಕೂಡ ರಾಗದ್ದೇ. ಅದು ಕೇಳದಿದ್ದರೆ ಅವರ ಹಾಡಿನ ಅರ್ಧ ಕೇಳಿದಂತೆ. ಗಂಗೂಬಾಯಿ ಹಾನಗಲ್ಲರ ಗಡಸು ಕಂಠದ ಅಂಚಿನ ಒರಟುತನ, ಕುಮಾರ ಗಂಧರ್ವರು ಸ್ವರ ಬಿಟ್ಟು ಹಿಡಿಯುವ ನಡುವಿನ ಖಾಲಿ, ಇವಕ್ಕೂ ಅದೇ ಮಾತು. ನಮ್ಮ ಸಂಗೀತದಲ್ಲಿ ದೊಡ್ಡ ವಿಷಯಗಳೆಲ್ಲ ಸಣ್ಣ ಸದ್ದಿನಲ್ಲಿ ನಡೆಯುತ್ತವೆ. ಈ ಸ್ಪೀಕರುಗಳಿಗೆ ಆಂಪ್ಲಿಫೈಯರ್ ಆರಿಸುವುದೆಂದರೆ ಆ ಸಣ್ಣ ಸದ್ದನ್ನು ಯಾರ ಕೈಗೆ ಒಪ್ಪಿಸುವುದು ಎಂದು ನಿರ್ಧರಿಸುವುದು.

ಸೊಲ್ಲಾಪುರದಂಥ ಊರಿನಲ್ಲಿ ಈ ಮಾತು ವಿಚಿತ್ರವಾಗಿ ಕೇಳಿಸೀತು. ಇದು ಸದ್ದಿನ ಊರು. 1870ರ ದಶಕದಲ್ಲಿ ಜುನಿ ಮಿಲ್ ಬಂದಾಗಿನಿಂದ ಗಿರಣಿಯ ಸೈರನ್ನಿನ ಭೋಂಗಾವೇ ಊರಿನ ಗಡಿಯಾರವಾಗಿತ್ತು. ಲಕ್ಷ್ಮೀ ವಿಷ್ಣು, ನರಸಿಂಗ ಗಿರಜಿ ಮಿಲ್ಲುಗಳ ಭೋಂಗಾ ಕೇಳಿ ನಮ್ಮ ಅವ್ವ ಒಲೆ ಹಚ್ಚುತ್ತಿದ್ದಳು. ಮಿಲ್ಲು ನಿಂತವು, ಚಾದರು-ಟವೆಲ್ಲಿನ ಪವರ್‌ಲೂಮುಗಳು ಉಳಿದವು. ಆ ಓಣಿಗಳಲ್ಲಿ ಖಟಖಟದ ನಡುವೆ ಮಾತಾಡುವವರು ಮನೆಗೆ ಬಂದರೂ ಕೂಗಿಯೇ ಮಾತಾಡುತ್ತಾರೆ. ಎಷ್ಟೋ ನೇಕಾರರ ಕಿವಿಯ ಮೇಲಿನ ಸ್ವರಗಳು ನಲವತ್ತಕ್ಕೇ ಹೋಗಿರುತ್ತವೆ. ಗಣಪತಿ ಬಂದನೆಂದರೆ ಲಾರಿಯ ಮೇಲೆ ಗೋಡೆಯಂತೆ ಪೇರಿಸಿದ ಪೆಟ್ಟಿಗೆಗಳು. ಇಲ್ಲಿಯವರು ಅದನ್ನು ಡಾಲ್ಬಿ ಎನ್ನುತ್ತಾರೆ. ಅದು ದಾಟುವಾಗ ಕಿಟಕಿಯ ಗಾಜು ಅಲುಗಿ ಎದೆಗೂಡು ನಡುಗುತ್ತದೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಎಂದು 2000ದ ಶಬ್ದಮಾಲಿನ್ಯ ನಿಯಮಗಳಲ್ಲಿದೆ. ಆ ಅಂಕಿಗಳನ್ನು ಲಾರಿಯ ಪಕ್ಕದಲ್ಲಿ ನಿಂತು ಓದಿದರೆ ಕಣ್ಣಲ್ಲಿ ನೀರು ಬರುತ್ತದೆ, ಏಕೆಂದರೆ ಆ ಲಾರಿಯ ಹಿಂದೆ ಕುಣಿಯುವ ಹುಡುಗರು ನಮ್ಮ ಮನೆಗಳವರೇ, ಕಳೆದುಕೊಳ್ಳುತ್ತಿರುವ ಕಿವಿ ಅವರದೇ.

ಅದೇ ಊರಲ್ಲಿ ಸಂಕ್ರಾಂತಿಯ ಗಡ್ಡೆಯ ಯಾತ್ರೆಗೆ ಬನ್ನಿ. ಸಿದ್ಧರಾಮೇಶ್ವರನ ಏಳು ನಂದಿಧ್ವಜಗಳು ಕೆರೆಯ ಬಳಿಯ ಸಮ್ಮತಿ ಕಟ್ಟೆಗೆ ಬಂದು ನಿಂತ ಮೇಲೆ, ಅಕ್ಷತೆಯ ಹೊತ್ತಿಗೆ ಸಮ್ಮತಿ ಓದುತ್ತಾರೆ. ಬಿಳಿ ಬಾರಾಬಂದಿ ತೊಟ್ಟ ಸಾವಿರಾರು ಜನರ ಕಡೇ ಸಾಲಿನವರೆಗೆ ಆ ಕನ್ನಡ ಓದು ಕೇಳಿಸುವುದು ಕಂಬಕ್ಕೆ ಕಟ್ಟಿದ ಭೋಂಗಾಗಳಿಂದ. ಭೋಂಗಾದಲ್ಲಿ ಮಂದ್ರವೂ ಇಲ್ಲ, ತೀರ ಮೇಲಿನ ಸ್ವರಗಳೂ ಇಲ್ಲ. ಮಾತಿಗೆ ಬೇಕಾದ ನಡುವಣ ಪಟ್ಟಿ ಮಾತ್ರ ಇದೆ. ಅದನ್ನು ಬೇಕಾದ ದಿಕ್ಕಿಗೆ ಮಾತ್ರ ಎಸೆಯುತ್ತದೆ. ಮಾಮಾನ ಪ್ರಕಾರ ಒಳ್ಳೆಯ ಮೈಕಿನವನ ಗುರುತು ಇದೇ: "ಕಡೀ ಸಾಲಿಗಿ ಅಕ್ಷರ ಬಿಡಿಬಿಡಿ ಕೇಳಬೇಕು, ಮುಂದಿನ ಸಾಲಿನ್ಯಾವ ಕಿವಿ ಮುಚ್ಚಬಾರದು."

ಪೆಟ್ಟಿಗೆಗಳು ನನ್ನ ಖೋಲಿಗೆ ಬಂದ ಮೇಲೆ ಮಾಮಾನ ಅಂಗಡಿಯ ಆಂಪ್ಲಿಫೈಯರುಗಳನ್ನೇ ಮೊದಲು ಹಚ್ಚಿ ನೋಡಿದೆವು. 1940ರಲ್ಲಿ ದಿಲ್ಲಿಯಲ್ಲಿ ಶುರುವಾದ ಅಹುಜಾ ಕಂಪನಿಯ ಯಂತ್ರಗಳು ಈ ದೇಶದ ಜಾತ್ರೆಗಳನ್ನು ಹೊತ್ತಿವೆ. ಮಳೆ, ಧೂಳು, ಜನರೇಟರಿನ ಹುಚ್ಚು ವೋಲ್ಟೇಜು ಎಲ್ಲಕ್ಕೂ ಮೈಯೊಡ್ಡುವ ಗಟ್ಟಿ ಜೀವಗಳು. ಅವುಗಳ 100 ವೋಲ್ಟಿನ ಲೈನಿನ ಏರ್ಪಾಡೂ ಚಂದ. ವೋಲ್ಟೇಜು ಏರಿಸಿ ಕಳಿಸಿದರೆ ಸಪೂರ ತಂತಿಯಲ್ಲೇ ಊರ ಆಚೆಯ ಕಂಬದವರೆಗೆ ಸದ್ದು ಸೋರದೆ ಹೋಗುತ್ತದೆ, ಭೋಂಗಾದ ಬೆನ್ನಲ್ಲಿರುವ ಸಣ್ಣ ಟ್ರಾನ್ಸ್‌ಫಾರ್ಮರು ಅದನ್ನು ಮತ್ತೆ ಇಳಿಸಿಕೊಳ್ಳುತ್ತದೆ. ಜಾತ್ರೆಯಲ್ಲಿ ಯಾರಿಗೂ ಕೇಳದ ಅವುಗಳ ಉಸಿರು ನನ್ನ ಖೋಲಿಯಲ್ಲಿ ಕೇಳಿಸಿತು. ಅವು ಇದಕ್ಕಾಗಿ ಹುಟ್ಟಿದವಲ್ಲ.

ಗೆಳೆಯರೊಬ್ಬರು ಹೋಮ್ ಥಿಯೇಟರಿನ ರಿಸೀವರ್ ತಂದರು, ಅದರಲ್ಲಿ ತಂಬೂರಿ ತೆಳ್ಳಗಾಯಿತು. ಅಂಗೈಯಗಲದ ಕ್ಲಾಸ್-ಡಿ ಬೋರ್ಡೊಂದು ಬಂತು. ಅಗ್ಗದ್ದಾದರೂ ಅದರ ಮಂದ್ರದ ಹಿಡಿತ ಮೆಚ್ಚಬೇಕಾದ್ದೇ, ಆದರೆ ಭೋಂಗಾದಲ್ಲಿ ಸುಂಯ್‌ಗುಟ್ಟುವುದು ನಿಲ್ಲಲಿಲ್ಲ. ಟ್ರಾನ್ಸಿಸ್ಟರಿನಲ್ಲಿ ನನಗೆ ನಿಜವಾಗಿ ಹಿಡಿಸಿದ್ದು ಇಂಗ್ಲೆಂಡಿನ ಜಾನ್ ಲಿನ್ಸ್ಲೀ ಹುಡ್ 1969ರಲ್ಲಿ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಪ್ರಕಟಿಸಿದ ಹತ್ತು ವ್ಯಾಟಿನ ಕ್ಲಾಸ್-ಎ ಸರ್ಕೀಟು. ಒಂದು ಕಡೆಗೆ ನಾಲ್ಕೇ ಟ್ರಾನ್ಸಿಸ್ಟರು. ಕ್ಲಾಸ್-ಎ ಎಂದರೆ ದಾಟಿಸುವ ಕಚ್ಚೇ ಇಲ್ಲ, ಎಲ್ಲವೂ ಸದಾ ಎಚ್ಚರ. ಅದಕ್ಕೆ ತೆರುವ ಬೆಲೆ ಬಿಸಿ. ಹಾಡದೆ ಸುಮ್ಮನೆ ಕೂತರೂ ಒಂದೊಂದು ಕಡೆಗೆ ಮೂವತ್ತು ವ್ಯಾಟಿನಷ್ಟು ಸುಡುತ್ತದೆ. ಚಳಿಯ ದೇಶದವರಿಗೆ ಅದು ವರ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಸೊಲ್ಲಾಪುರದಲ್ಲಿ ಯೋಚಿಸಬೇಕಾಗುತ್ತದೆ. ಆದರೂ ವಾಲ್ವಿನ ಗೊಡವೆ ಬೇಡ ಎನ್ನುವವರಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ.

ನನ್ನ ಮನಸ್ಸು ವಾಲ್ವಿಗೆ ವಾಲಿದ್ದು ಮಾಮಾನ ತಗಡಿನ ಡಬ್ಬಿಯಿಂದ. ಅದರಲ್ಲಿ ಬೆಂಗಳೂರಿನ ಬಿಇಎಲ್ ಹೆಸರಿನ ರಟ್ಟಿನ ಪೆಟ್ಟಿಗೆಗಳಿದ್ದವು, ಒಳಗೆ ಇಎಲ್ 84 ವಾಲ್ವುಗಳು. 1954ರಲ್ಲಿ ಹುಟ್ಟಿದ ಬಿಇಎಲ್ 1961ರಲ್ಲಿ ರೇಡಿಯೋ ವಾಲ್ವು ಮಾಡತೊಡಗಿತು. ನಮ್ಮ ಮನೆಗಳ ಎಷ್ಟೋ ರೇಡಿಯೋಗಳು ಜಾಲಹಳ್ಳಿಯ ಆ ಗಾಜಿನ ಬುರುಡೆಗಳಿಂದಲೇ ಹಾಡಿದವು. ಕಿರುಬೆರಳುದ್ದದ ಇಎಲ್ 84 ಒಂದೇ ಕೂತು ಐದು ವ್ಯಾಟಿನಷ್ಟು ಕೊಡಬಲ್ಲದು, ಮೂರಕ್ಕೆ ನಿಲ್ಲಿಸಿದರೆ ಚೊಕ್ಕಟ. ಬ್ರಿಟನ್ನಿನ ಮುಲ್ಲಾರ್ಡ್ ಕಂಪನಿ ಐವತ್ತರ ದಶಕದಲ್ಲಿ ಮನೆಯಲ್ಲೇ ಕಟ್ಟುವವರಿಗಾಗಿ 'ಮೂರು-ಮೂರು' ಎಂಬ ಸರ್ಕೀಟು ಕೊಟ್ಟಿತ್ತು: ಮೂರು ವಾಲ್ವು, ಮೂರು ವ್ಯಾಟು. ಮುಂದೆ ಇಎಫ್ 86, ಹೊರಗೆ ಇಎಲ್ 84, ಕರೆಂಟನ್ನು ನೇರಗೊಳಿಸಲು ಇಝಡ್ 80. ಅದನ್ನೇ ಎರಡು ಕಟ್ಟುವುದೆಂದು ನಿಶ್ಚಯವಾಯಿತು.

ಇಲ್ಲಿ ಎಲ್ಲ ನಿಂತಿರುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಮೇಲೆ. ಇಎಲ್ 84ಗೆ ಎದುರಿಗೆ 5200 ಓಮ್ ಕಾಣಬೇಕು, ನಮ್ಮ ಸ್ಪೀಕರು 16 ಓಮಿನದು. ಇವೆರಡನ್ನು ಹೊಂದಿಸಲು ಸುತ್ತುಗಳು 18ಕ್ಕೆ 1 ಇರಬೇಕು. ಪ್ರೈಮರಿಗೆ 3600 ಸುತ್ತಾದರೆ ಸೆಕೆಂಡರಿಗೆ 200. ಈಗಿನ ರೆಡಿ ಟ್ರಾನ್ಸ್‌ಫಾರ್ಮರುಗಳಲ್ಲಿ 4 ಓಮು, 8 ಓಮಿನ ತುದಿಗಳೇ ಹೆಚ್ಚು. 8ರ ತುದಿಗೆ 16ರ ಸ್ಪೀಕರು ಹಚ್ಚಿದರೆ ಹಾಡದೇ ಇರುವುದಿಲ್ಲ, ಆದರೆ ವಾಲ್ವಿಗೆ ಹೊರೆ ದುಪ್ಪಟ್ಟಾಗಿ ಕಂಡು ಸಿಗಬೇಕಾದ ವ್ಯಾಟು ಸಿಗುವುದಿಲ್ಲ. ಮೂರೇ ಇರುವಲ್ಲಿ ಕಳೆದುಕೊಳ್ಳುವುದು ಯಾಕೆ? ಬೋರ್‌ವೆಲ್ ಮೋಟರು ಸುತ್ತುವ ಅಂಗಡಿಯಲ್ಲಿ ಒಬ್ಬ ಹಿರಿಯ ವೈಂಡರ್ ಸಿಕ್ಕರು. ಹುಡುಗರಾಗಿದ್ದಾಗ ರೇಡಿಯೋ ಟ್ರಾನ್ಸ್‌ಫಾರ್ಮರ್ ಸುತ್ತಿದ ಕೈ. ಕೂದಲೆಳೆಯ ಎನಾಮಲ್ ತಂತಿಯನ್ನು ಬಾಬಿನ್ನಿನ ಮೇಲೆ ಸಾಲು ಸಾಲಾಗಿ ಕೂಡಿಸುತ್ತ, ಪ್ರತಿ ಪದರಿಗೂ ಕಾಗದ ಹೊದಿಸುತ್ತ, ಪ್ರೈಮರಿಯ ಒಂದು ಪಾಲು ಮುಗಿದೊಡನೆ ಸೆಕೆಂಡರಿಯ ದಪ್ಪ ತಂತಿಯ ಒಂದು ಪದರು, ಮತ್ತೆ ಪ್ರೈಮರಿ, ಹೀಗೆ ಒಂದರೊಳಗೊಂದು ಹೆಣೆದರು. ಹಾಗೆ ಹೆಣೆಯದಿದ್ದರೆ ಮೇಲಿನ ಸ್ವರಗಳು ದಾಟುವುದಿಲ್ಲ, ತಂಬೂರಿಯ ಝೇಂಕಾರ ಟ್ರಾನ್ಸ್‌ಫಾರ್ಮರಿನಲ್ಲೇ ಉಳಿಯುತ್ತದೆ.

ಸ್ಟ್ಯಾಂಪಿಂಗ್ ಹಾಕುವ ಹೊತ್ತಿಗೆ ಅವರು ವಾಡಿಕೆಯಂತೆ 'ಇ' ಪಟ್ಟಿಗಳನ್ನು ಒಂದು ಮೇಲಿನಿಂದ, ಒಂದು ಕೆಳಗಿನಿಂದ ತೂರಿಸಹೊರಟರು. ಇದಕ್ಕೆ ಹಾಗಲ್ಲ ಎಂದೆ. ಒಂಟಿ ವಾಲ್ವಿನ ಟ್ರಾನ್ಸ್‌ಫಾರ್ಮರಿನಲ್ಲಿ ಹಾಡಿನ ಜೊತೆಗೆ 48 ಮಿಲಿಆಂಪಿಯರಿನ ನೇರ ಕರೆಂಟು ಸದಾ ಹರಿಯುತ್ತದೆ, ಕಬ್ಬಿಣ ಅದನ್ನು ಕುಡಿದು ತುಂಬಿಹೋದರೆ ಮಂದ್ರ ಸತ್ತಂತೆ. ಅದಕ್ಕೆ 'ಇ'ಗಳನ್ನೆಲ್ಲ ಒಂದೇ ಕಡೆಯಿಂದ, 'ಐ'ಗಳನ್ನೆಲ್ಲ ಇನ್ನೊಂದು ಕಡೆಯಿಂದ ಇಟ್ಟು, ನಡುವೆ ಒಂದು ಹಾಳೆ ಕಾಗದದಷ್ಟು ಸಂದು ಬಿಡಬೇಕು. ಹಿರಿಯರು ಒಂದು ಗಳಿಗೆ ಯೋಚಿಸಿ, "ಟ್ಯೂಬ್‌ಲೈಟಿನ ಚೋಕಿನಾಗ ಸಂದು ಇರ್ತದಲ್ಲ, ಹಂಗ?" ಎಂದರು. ಹಾಗೆಯೇ. ಆಮೇಲೆ ಅವರಿಗೆ ಏನೂ ಹೇಳಬೇಕಾಗಲಿಲ್ಲ.

ಕಟ್ಟಿದ ಮೇಲೆ ಹಮ್ಮಿನ ಜೊತೆ ಕುಸ್ತಿ. ನಮ್ಮ ಕರೆಂಟಿನ 50 ಹರ್ಟ್ಸ್, ಅದನ್ನು ನೇರಗೊಳಿಸಿದ ಮೇಲೆ ಉಳಿಯುವ 100 ಹರ್ಟ್ಸ್, ಎರಡನ್ನೂ ಈ ಸ್ಪೀಕರುಗಳು ಹುಡುಕಿ ತೆಗೆಯುತ್ತವೆ. ಕರೆಂಟಿನ ಟ್ರಾನ್ಸ್‌ಫಾರ್ಮರನ್ನು ಔಟ್‌ಪುಟ್ಟಿನವಕ್ಕೆ ಅಡ್ಡಲಾಗಿ ಕೂರಿಸಿದೆವು, ಹೀಟರಿನ ತಂತಿಗಳನ್ನು ಜಡೆಯಂತೆ ಹೆಣೆದು ಮೂಲೆಗುಂಟ ಒಯ್ದೆವು, ಎಲ್ಲ ಅರ್ಥಿಂಗನ್ನೂ ಒಂದೇ ಬೋಲ್ಟಿಗೆ ತಂದೆವು. ಮಾಮಾ ಹೇಳಿಕೊಟ್ಟ ಶಿಸ್ತು ಒಂದಿದೆ, ಅದನ್ನು ಮೀರುವಂತಿಲ್ಲ: ಬಂದ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಮುನ್ನೂರು ವೋಲ್ಟ್ ಕೂತಿರುತ್ತದೆ, ಅದನ್ನು ರೆಸಿಸ್ಟರಿನಿಂದ ಇಳಿಸಿಯೇ ಕೈ ಹಾಕಬೇಕು, ಒಳಗೆ ಒಂದೇ ಕೈ, ಇನ್ನೊಂದು ಬೆನ್ನ ಹಿಂದೆ. ಸ್ಪೀಕರು ಹಚ್ಚದೆ ವಾಲ್ವಿನ ಆಂಪ್ಲಿಫೈಯರಿಗೆ ಹಾಡು ಕೊಡುವಂತೆಯೂ ಇಲ್ಲ, ಹೊರೆ ಇಲ್ಲದೆ ವೋಲ್ಟೇಜು ಎದ್ದು ಟ್ರಾನ್ಸ್‌ಫಾರ್ಮರು ಒಳಗೇ ಸಿಡಿಯಬಹುದು. ಇಲ್ಲಿಯ ವೋಲ್ಟೇಜಿನ ಏರಿಳಿತಕ್ಕೂ ಉಪಾಯ ಬೇಕಿತ್ತು. 230ಕ್ಕೆ ಸುತ್ತಿದ ಟ್ರಾನ್ಸ್‌ಫಾರ್ಮರಿಗೆ ರಾತ್ರಿ ಹೊತ್ತು 250 ಬಂದರೆ 6.3 ವೋಲ್ಟಿನ ಹೀಟರು 6.85ಕ್ಕೆ ಏರಿ ವಾಲ್ವಿನ ಆಯುಷ್ಯ ತಿನ್ನುತ್ತದೆ. ಸ್ಟೆಬಿಲೈಸರ್ ಇಟ್ಟರೆ ಅದರ ರಿಲೇಯ 'ಟಕ್' ಭೋಂಗಾದಲ್ಲಿ ಹಾಡಿನ ನಡುವೆ ಬೀಳುತ್ತದೆ. ಪ್ರೈಮರಿಯಲ್ಲೇ 250ಕ್ಕೊಂದು ತುದಿ ತೆಗೆಸಿ, ಹಿಂದೊಂದು ಸ್ವಿಚ್ಚು ಇಟ್ಟೆವು.

ಮಂದ್ರದ ವಿಷಯದಲ್ಲಿ ಒಂದು ಸಂತೋಷ ಕಾದಿತ್ತು. ಟ್ರಾನ್ಸಿಸ್ಟರಿನ ಆಂಪ್ಲಿಫೈಯರು ಸ್ಪೀಕರಿನ ಕೋನನ್ನು ಮುಷ್ಟಿಯಲ್ಲಿ ಹಿಡಿದಂತೆ ಹಿಡಿಯುತ್ತದೆ, ಅದರ ಒಳರೋಧ ಸೊನ್ನೆಗೆ ಹತ್ತಿರ. ಬಿಗಿ ಅಂಚಿನ, ದೊಡ್ಡ ಮ್ಯಾಗ್ನೆಟ್ಟಿನ ಹಳೆಯ ಕೋನಿಗೆ ಆ ಹಿಡಿತವೇ ಅತಿಯಾಗಿ ಡಗ್ಗಾದ ಮೈ ಒಣಗುತ್ತದೆ. ಇವನ್ನು ಮಾಡಿದವರ ಮುಂದೆ ಇದ್ದದ್ದು ವಾಲ್ವುಗಳು, ಒಳರೋಧ ಒಂದೆರಡು ಓಮಾದರೂ ಇರುವಂಥವು. ಆ ಸಡಿಲನ್ನು ಲೆಕ್ಕ ಹಿಡಿದೇ ಕೋನಿಗೆ ಬಿಗಿ ಕೊಟ್ಟಿದ್ದರು. ಇಎಲ್ 84 ಹಚ್ಚಿದಾಗ ಡಗ್ಗಾಕ್ಕೆ ಮಾಂಸ ತುಂಬಿತು, ಎಡಗೈಯ ಮಣಿಕಟ್ಟು ಚರ್ಮದ ಮೇಲೆ ಜಾರುವುದು ಕೂಡ ತಿಳಿಯುವಂತಾಯಿತು. ಭೋಂಗಾ ಮಾತ್ರ ಕೆಳಗಿನ ಕೋನಿಗಿಂತ ಜೋರು. ಅದಕ್ಕೆ ಎರಡು ರೆಸಿಸ್ಟರು ಹಚ್ಚಿ ಆರೇಳು ಡೆಸಿಬಲ್ ತಗ್ಗಿಸಬೇಕಾಯಿತು. ಇದನ್ನು ಕಿವಿಯಿಂದಲೇ ಮಾಡಿದ್ದು. ಗಂಗೂಬಾಯಿಯವರ ಧ್ವನಿ ಭೋಂಗಾಕ್ಕೂ ಕೋನಿಗೂ ಹಂಚಿಹೋಗದೆ ಒಬ್ಬರದೇ ಧ್ವನಿಯಾಗಿ ನಿಂತಾಗ ಕೈ ಎತ್ತಿದೆವು.

ಗಡ್ಡೆಯ ಯಾತ್ರೆಗೆ ಬಂದ ಮಾಮಾ ಎರಡು ಪೆಟ್ಟಿಗೆಗಳ ನಡುವೆ ಕುರ್ಚಿ ಹಾಕಿಸಿಕೊಂಡು ಕೂತರು. ಅವ್ವನ ಅಪ್ಪಣೆಯಂತೆ ಮನಸೂರರು ಹಾಡಿದ ವಚನಗಳು, ಆಮೇಲೆ ಅವರ ಹಳೆಯ ಖಯಾಲು. ಮಾಮಾ ಎದ್ದು ಒಂದು ಪೆಟ್ಟಿಗೆಯ ಹತ್ತಿರ ಕಿವಿ ಇಟ್ಟರು, ಇನ್ನೊಂದರ ಹತ್ತಿರವೂ ಇಟ್ಟರು. ಹಮ್ಮು ಹುಡುಕುತ್ತಿದ್ದಾರೆ ಎಂದುಕೊಂಡೆ.

"ಎರಡೂ ಒಂದ ಹಾಡ್ತಾವಲ್ಲೋ. ಮನಸೂರ ಬುವಾ ಒಬ್ರ ಅದಾರ, ಎರಡು ಡಬ್ಬಿ ಯಾಕ ಬೇಕು?"

ಅವರ ಮಾತು ನಿಜ. ನಾವು ಹಾಕಿದ್ದ ಹಳೆಯ ತಟ್ಟೆಗಳು ಮಾನೊ, ಎಡಬಲವೆಂಬ ಭೇದವಿಲ್ಲ. ಸ್ಟೀರಿಯೋ ಸೂಜಿಯ ಎರಡು ದಾರಿಗಳನ್ನು ಕೂಡಿಸಿ ಒಂದು ಮಾಡಿದರೆ ಇನ್ನೊಂದು ಲಾಭವೂ ಇದೆ. ಮಾನೊ ತಟ್ಟೆಯಲ್ಲಿ ಹಾಡಿರುವುದು ಗೀರಿನ ಅಡ್ಡ ಅಲುಗಾಟದಲ್ಲಿ ಮಾತ್ರ. ಮೇಲೆ ಕೆಳಗೆ ಅಲುಗುವುದೆಲ್ಲ ಧೂಳು, ಸವಕಲು. ಕೂಡಿಸಿದಾಗ ಆ ಮೇಲೆ-ಕೆಳಗಿನ ಗದ್ದಲ ಒಂದಕ್ಕೊಂದು ಹೊಡೆದುಕೊಂಡು ಕಳೆದುಹೋಗುತ್ತದೆ, ತಂಬೂರಿ ಇನ್ನಷ್ಟು ಹತ್ತಿರ ಬರುತ್ತದೆ. ಮುಂಭಾಗದ ತಗಡಿನಲ್ಲಿ ಒಂದು ತೂತು ಕೊರೆದು ಮಾನೊ ಸ್ವಿಚ್ಚು ಕೂರಿಸಬೇಕು. ಎರಡನೆಯ ಪೆಟ್ಟಿಗೆಯನ್ನು ಗಾಡಿಗೆ ಹಾಕಿ ಅಕ್ಕಲಕೋಟೆಗೆ ಕಳಿಸಬೇಕೆಂದು ಮಾಮಾ ಅಂದೇ ಹೇಳಿಬಿಟ್ಟಿದ್ದಾರೆ, ಜೊತೆಗೆ ಒಂದು ಮೂರು ವ್ಯಾಟನ್ನೂ.